ಪಾರ್ಥೇನಿಯಂಗೆ ಮೆಕ್ಸಿಕನ್ ದುಂಬಿ: ನಿಮ್ಮ ಊರಿನಲ್ಲಿ ನೆಲೆಗೊಳಿಸುವ ಬಗೆ, ಹಂತ ಹಂತವಾಗಿ

ಕಾಂಗ್ರೆಸ್ ಗಿಡವನ್ನು ಕಿತ್ತು ಕಿತ್ತು ಸಾಕಾದವರಿಗಾಗಿ ಈ ಬರಹ. ಹೊಲದ ಬದು, ಕೆರೆ ಏರಿ, ಗೋಮಾಳ, ಶಾಲೆಯ ಮೈದಾನ, ಬಡಾವಣೆಯ ಖಾಲಿ ನಿವೇಶನ, ಹೀಗೆ ನೆಲ ಬರಿದಾದಲ್ಲೆಲ್ಲ ಪಾರ್ಥೇನಿಯಂ ಎದ್ದು ನಿಂತಿದೆ. ಕೂಲಿ ಕೊಟ್ಟು ಕೀಳಿಸಿದರೆ ಮುಂದಿನ ಹದ ಮಳೆಗೆ ಮತ್ತೆ ಹುಟ್ಟುತ್ತದೆ. ಗೋಮಾಳಕ್ಕೆಲ್ಲ ಕಳೆನಾಶಕ ಹೊಡೆಸಲು ಯಾವ ಪಂಚಾಯಿತಿಯ ಬಳಿಯೂ ಹಣವಿಲ್ಲ, ಇದ್ದರೂ ದನ ಮೇಯುವ ಜಾಗದಲ್ಲಿ ಹೊಡೆಸುವುದು ತರವಲ್ಲ.

ಈ ಗಿಡವನ್ನೇ ತಿಂದು ಬದುಕುವ ಒಂದು ದುಂಬಿ ನಾಲ್ಕು ದಶಕಗಳಿಂದ ನಮ್ಮ ರಾಜ್ಯದಲ್ಲಿದೆ. ಅದನ್ನು ಊರಿಗೆ ತಂದು ನೆಲೆಗೊಳಿಸಲು ದೊಡ್ಡ ಖರ್ಚಿಲ್ಲ. ಮಳೆಯ ಲೆಕ್ಕ ಗೊತ್ತಿರಬೇಕು, ಒಂದಿಷ್ಟು ಜಾಗವನ್ನು ಅಗೆಯದೆ, ಸುಡದೆ, ಔಷಧಿ ಹೊಡೆಯದೆ ಬಿಡುವ ಒಪ್ಪಂದ ಊರಿನವರೊಳಗೆ ಆಗಬೇಕು, ಮೂರು ನಾಲ್ಕು ವರ್ಷ ಕಾಯಬೇಕು. ದುಂಬಿ ತಂದು ಬಿಟ್ಟೂ ಫಲ ಕಾಣದ ಊರುಗಳಲ್ಲಿ ತಪ್ಪುವುದು ಬಹುಪಾಲು ಈ ಎರಡನೆಯ ಮಾತೇ. ಬಿಡುವುದು ಒಂದು ಸಂಜೆಯ ಕೆಲಸ. ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಬಿಡುಗಡೆಗಿಂತ ಅದರ ಹಿಂದು ಮುಂದಿನ ಸಂಗತಿಗಳೇ ಹೆಚ್ಚು ಜಾಗ ಹಿಡಿದಿವೆ.

ಈ ದುಂಬಿಯನ್ನು ಏಕೆ ನಂಬಬಹುದು

ಪಾರ್ಥೇನಿಯಂ ಅಮೆರಿಕ ಖಂಡದ ಉಷ್ಣ ಪ್ರದೇಶದ ಗಿಡ. ನಮ್ಮ ದೇಶದಲ್ಲಿ ಅದು 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಗೆ ಬಂತು. ಆಮದಾದ ಗೋಧಿಯ ಜೊತೆ ಬಂದಿರಬೇಕು ಎಂಬುದು ಬಹುಜನರ ಅಭಿಪ್ರಾಯ. ಬೀಜ ಬಂತು, ಆದರೆ ತವರಿನಲ್ಲಿ ಅದನ್ನು ತಿಂದು ಹದ್ದಿನಲ್ಲಿಡುತ್ತಿದ್ದ ಕೀಟ, ಶಿಲೀಂಧ್ರಗಳು ಜೊತೆಗೆ ಬರಲಿಲ್ಲ. ನಮ್ಮ ದನ, ಕುರಿಗಳಿಗೂ ಅದು ರುಚಿಸಲಿಲ್ಲ. ಹಸಿವಿನಿಂದ ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ತಿನ್ನುವವರೇ ಇಲ್ಲದ ನೆಲದಲ್ಲಿ, ಒಂದೊಂದು ಗಿಡವೂ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸುತ್ತ, ಅದು ದೇಶವನ್ನೆಲ್ಲ ಆವರಿಸಿತು.

ತವರಿನ ಶತ್ರುವನ್ನು ಹುಡುಕಿ ತರುವುದೇ ಜೈವಿಕ ನಿಯಂತ್ರಣದ ಹಳೆಯ ಶಾಸ್ತ್ರೀಯ ದಾರಿ. ಹಾಗೆ ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ಬಂದದ್ದು ಜೈಗೋಗ್ರಾಮ ಬೈಕಲರೇಟಾ ಎಂಬ ಎಲೆ ದುಂಬಿ. ಆಸ್ಟ್ರೇಲಿಯ ಅದನ್ನು 1980ರಲ್ಲೇ ತರಿಸಿಕೊಂಡಿತ್ತು. ಬೆಂಗಳೂರಿನಲ್ಲಿ ಅದನ್ನು ಮೊದಲು ಮುಚ್ಚಿದ ಕೋಣೆಯಲ್ಲಿಟ್ಟು ಸಾಕಿದರು. ಪಾರ್ಥೇನಿಯಂ ಇಲ್ಲದೆ ಬರಿಯ ಬೆಳೆಗಳ ಎಲೆಗಳನ್ನು ಮುಂದಿಟ್ಟು, ತಿನ್ನುತ್ತದೆಯೇ, ಮೊಟ್ಟೆ ಇಡುತ್ತದೆಯೇ, ಮರಿ ಬೆಳೆಯುತ್ತದೆಯೇ ಎಂದು ಪರೀಕ್ಷಿಸಿದರು. ಪಾರ್ಥೇನಿಯಂನ ಹತ್ತಿರದ ನಂಟಿನ ಗಿಡಗಳ ಮೇಲೆ ವಿಶೇಷ ನಿಗಾ ಇತ್ತು. ಆಮೇಲೆ 1984ರಲ್ಲಿ ಹೊರಗೆ ಬಿಟ್ಟರು.

ಮೊದಲ ವರ್ಷಗಳಲ್ಲಿ ದುಂಬಿಯ ಸುಳಿವೇ ಸಿಗುವುದು ಕಷ್ಟವಾಗಿತ್ತು. 1988ರ ಹೊತ್ತಿಗೆ ಬೆಂಗಳೂರಿನ ಸುತ್ತಮುತ್ತ ಮಳೆಗಾಲದಲ್ಲಿ ಪಾರ್ಥೇನಿಯಂ ಗಿಡಗಳು ಎಲೆಯಿಲ್ಲದ ಕಡ್ಡಿಗಳಾಗಿ ನಿಂತವು. ಬಿಟ್ಟ ವರ್ಷವೇ ಫಲ ಕೇಳುವವರು ಈ ನಾಲ್ಕು ವರ್ಷಗಳ ಅಂತರವನ್ನು ನೆನಪಿಡಬೇಕು.

ಮೊದಲ ಹಂತ: ದುಂಬಿಯ ಬದುಕನ್ನು ಅರಿಯಿರಿ

ಮುಂದಿನ ಎಲ್ಲ ನಿರ್ಧಾರಗಳೂ ಇದರ ಮೇಲೆ ನಿಂತಿರುವುದರಿಂದ ಇಲ್ಲಿ ಆತುರ ಬೇಡ.

ದುಂಬಿ ಸುಮಾರು ಆರು ಮಿಲಿಮೀಟರ್ ಉದ್ದ, ಗುಂಡನೆಯ ಬೆನ್ನು. ಕೆನೆ ಬಣ್ಣದ ರೆಕ್ಕೆಗವಚದ ಮೇಲೆ ಕಡುಕಂದು ಗೀಟುಗಳು ಉದ್ದಕ್ಕೆ ಇಳಿದಿರುತ್ತವೆ, ತಲೆಯ ಭಾಗ ಕಂದು. ಚುಕ್ಕೆಯಿರುವ ಗುಲಗಂಜಿ ಹುಳುಗಳೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ನಮ್ಮ ದುಂಬಿಗೆ ಚುಕ್ಕೆಗಳಿಲ್ಲ, ಗೀಟುಗಳಿವೆ.

ಹೆಣ್ಣು ದುಂಬಿ ಎಲೆಯ ಅಡಿಯಲ್ಲಿ, ಮೊಗ್ಗು ಕಾಂಡಗಳ ಮೇಲೆ, ಒಂಟಿಯಾಗಿ ಅಥವಾ ಸಣ್ಣ ಗುಂಪುಗಳಲ್ಲಿ ಹಳದಿ ಮೊಟ್ಟೆಗಳನ್ನಿಡುತ್ತದೆ. ನಾಲ್ಕರಿಂದ ಏಳು ದಿನಗಳಲ್ಲಿ ಮರಿಹುಳು ಹೊರಬಂದು ನೇರವಾಗಿ ಕುಡಿಗೆ ಹೋಗುತ್ತದೆ. ಎಳೆಯ ಚಿಗುರು, ತುದಿಯ ಮೊಗ್ಗು, ಎಲೆಯ ಕಂಕುಳ ಮೊಗ್ಗು, ಇವೇ ಅದರ ಮೊದಲ ಆಹಾರ. ಈ ದುಂಬಿಯ ನಿಜವಾದ ಬೆಲೆ ಇರುವುದು ಇಲ್ಲಿ. ಎಲೆ ತಿಂದರೆ ಗಿಡ ಮತ್ತೆ ಎಲೆ ಬಿಡುತ್ತದೆ. ಬೆಳೆಯುವ ಕುಡಿಯನ್ನೇ ತಿಂದರೆ ಗಿಡ ಕುಬ್ಜವಾಗಿ ನಿಲ್ಲುತ್ತದೆ, ಹೂವು ತಡವಾಗುತ್ತದೆ, ಕಡಿಮೆಯಾಗುತ್ತದೆ.

ಹತ್ತು ಹದಿನೈದು ದಿನ ತಿಂದು ಬೆಳೆದ ಹಳದಿ ಮರಿಹುಳು ಗಿಡದಿಂದ ಇಳಿದು ಮಣ್ಣಿಗೆ ಸೇರುತ್ತದೆ. ಒಂದು ಗೇಣಿನೊಳಗಿನ ಆಳದಲ್ಲಿ ಕೋಶವಾಗಿ, ಒಂಬತ್ತು ಹತ್ತು ದಿನಗಳ ಮೇಲೆ ದುಂಬಿಯಾಗಿ ಹೊರಬರುತ್ತದೆ. ಮೊಟ್ಟೆಯಿಂದ ದುಂಬಿಯವರೆಗೆ ಸುಮಾರು ಮೂರರಿಂದ ನಾಲ್ಕೂವರೆ ವಾರ. ಹೀಗೆ ಒಂದು ಮಳೆಗಾಲದಲ್ಲಿ ಮೂರು ನಾಲ್ಕು ತಲೆಮಾರು.

ಮಳೆ ಹಿಂದೆ ಸರಿದು ಗಿಡ ಒರಟಾಗುತ್ತ ಬಂದಂತೆ ದುಂಬಿಗಳು ಮಣ್ಣೊಳಗೆ ಇಳಿದು ನಿದ್ದೆ ಹೋಗುತ್ತವೆ. ನವೆಂಬರ್‌ನಿಂದ ಮೇ ತನಕ ನೆಲದ ಮೇಲೆ ಒಂದೂ ಕಾಣದೆ ಇರಬಹುದು. ಮುಂಗಾರು ಮಣ್ಣನ್ನು ಆಳಕ್ಕೆ ನೆನೆಸಿದಾಗ ಏಳುತ್ತವೆ. ವರ್ಷದ ಅರ್ಧ ಭಾಗ ಅವು ನಿಮ್ಮ ಕಾಲಡಿಯಲ್ಲೇ ಇರುತ್ತವೆ. ಚಳಿಗಾಲದಲ್ಲಿ ಆ ಜಾಗಕ್ಕೆ ಜೆಸಿಬಿ ಇಳಿಸಿದರೆ ಮುಂದಿನ ವರ್ಷದ ದುಂಬಿಗಳು ಹೋದಂತೆಯೇ.

ಎರಡನೆಯ ಹಂತ: ನಿಮ್ಮಲ್ಲಿ ಈಗಾಗಲೇ ಇದೆಯೇ ನೋಡಿ

ಕರ್ನಾಟಕದ ಬಹಳಷ್ಟು ಕಡೆ ಈ ದುಂಬಿ ತಾನಾಗಿಯೇ ಹರಡಿದೆ. ಆದ್ದರಿಂದ ಎಲ್ಲಿಂದಲೋ ತರುವ ಮೊದಲು ಆರಿದ್ರಾ ಮಳೆಯ ನಂತರ ಒಂದು ಬೆಳಗ್ಗೆ ಊರಿನ ಸುತ್ತ ನಡೆದು ಬನ್ನಿ. ಎಲೆಯ ಅಂಚು ಕಚ್ಚಿದಂತಿದೆಯೇ, ಕೆಲವೆಡೆ ನರಗಳಷ್ಟೇ ಉಳಿದಿವೆಯೇ ನೋಡಿ. ಎಲೆ ತಿರುವಿ ಹಳದಿ ಮೊಟ್ಟೆ ಹುಡುಕಿ. ಕುಡಿಯನ್ನು ಬೆರಳಿನಿಂದ ಬಿಡಿಸಿದರೆ ಸಣ್ಣ ಮರಿಹುಳು ಒಳಗೆ ಅಡಗಿರಬಹುದು. ಕೆರೆ ಏರಿಯ ತಪ್ಪಲು, ಮರಗಳ ಅರೆನೆರಳು, ಅಗೆತ ಕಾಣದ ಸ್ಮಶಾನದ ಅಂಚು, ಇಂಥಲ್ಲಿ ಮೊದಲು ಹುಡುಕಿ.

ಹತ್ತು ಜಾಗಗಳಲ್ಲಿ ಹತ್ತು ಹತ್ತು ಗಿಡ ನೋಡಿ ಬರೆದಿಟ್ಟುಕೊಂಡರೆ ಸಾಕು. ಪ್ರೌಢಶಾಲೆಯ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಆದರೆ ಹೂ ಬಿಟ್ಟ ಗಿಡಗಳ ನಡುವೆ ಅವರನ್ನು ಕಳಿಸಬೇಡಿ. ಒಂದು ಮೂಲೆಯಲ್ಲಿ ಹೇರಳವಾಗಿದ್ದು ಬೇರೆಡೆ ಇಲ್ಲದಿದ್ದರೆ ನಿಮ್ಮ ಕೆಲಸ ಸುಲಭ. ಆ ಮೂಲೆಯೇ ನಿಮ್ಮ ಬಿತ್ತನೆಯ ಕಣಜ.

ಮೂರನೆಯ ಹಂತ: ಜಾಗ ಗೊತ್ತುಮಾಡಿ, ಊರಿನವರ ಮಾತು ಪಡೆಯಿರಿ

ಒಳ್ಳೆಯ ಜಾಗದಲ್ಲಿ ಪಾರ್ಥೇನಿಯಂ ದಟ್ಟವಾಗಿರಬೇಕು, ಗಿಡಗಳು ಎಳೆಯವಾಗಿರಬೇಕು. ಮಣ್ಣು ಸಡಿಲವಾಗಿರಬೇಕು, ಆದರೆ ನೀರು ನಿಲ್ಲಬಾರದು. ನೀರು ನಿಂತರೆ ಕೋಶಗಳು ಕೊಳೆಯುತ್ತವೆ. ಕಲ್ಲು ಹಾಸಿದ ಗಟ್ಟಿ ನೆಲದಲ್ಲಿ ಮರಿಹುಳು ಒಳಗೆ ಇಳಿಯಲಾರದು. ಅರ್ಧ ಗುಂಟೆಯಷ್ಟಾದರೂ ಸಿಕ್ಕರೆ ಸಾಕು. ಅದಕ್ಕಿಂತ ಚಿಕ್ಕದಾದರೆ ಒಂದೇ ತಲೆಮಾರಿಗೆ ಎಲೆ ಮುಗಿದು ದುಂಬಿಗಳು ಚದುರಿಹೋಗುತ್ತವೆ.

ಔಷಧಿ ಹೊಡೆಯುವ ಟೊಮೆಟೊ, ಹತ್ತಿ, ಮೆಣಸಿನಕಾಯಿ ಹೊಲಗಳಿಂದ ಗಾಳಿ ಬೀಸುವ ದಿಕ್ಕಿನಲ್ಲಿರುವ ಜಾಗ ಬೇಡ. ಕೀಟನಾಶಕಕ್ಕೆ ನಮ್ಮ ದುಂಬಿ, ಬೆಳೆಯ ಶತ್ರು ಎಂಬ ಭೇದವಿಲ್ಲ.

ಈಗ ಮುಖ್ಯವಾದದ್ದು. ಆ ಜಾಗ ಯಾರದು, ಅಲ್ಲಿ ಮುಂದಿನ ಮೂರು ವರ್ಷ ಏನು ನಡೆಯಲಿದೆ ಎಂದು ವಿಚಾರಿಸಿ. ಗ್ರಾಮಸಭೆಯಲ್ಲಿ, ಬಡಾವಣೆಯಾದರೆ ನಿವಾಸಿಗಳ ಸಂಘದಲ್ಲಿ, ವಿಷಯ ಇಟ್ಟು ಒಪ್ಪಿಗೆ ಪಡೆಯಿರಿ. ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟು, "ಇಲ್ಲಿ ಪಾರ್ಥೇನಿಯಂ ತಿನ್ನುವ ದುಂಬಿ ಸಾಕಲಾಗಿದೆ, ಕೀಳಬೇಡಿ, ಸುಡಬೇಡಿ, ಔಷಧಿ ಹೊಡೆಯಬೇಡಿ" ಎಂಬ ಫಲಕ ಹಾಕಿ. ಕಳೆ ತುಂಬಿದ ಜಾಗವನ್ನು ಬೇಕೆಂದೇ ಬಿಟ್ಟಿದ್ದೀರಿ ಎಂದು ದಾರಿಹೋಕರಿಗೆ ಬೇರೆ ಯಾವ ರೀತಿಯಲ್ಲೂ ಗೊತ್ತಾಗುವುದಿಲ್ಲ. ಈ ಫಲಕವಿಲ್ಲದ ಕಾರಣಕ್ಕೇ ಸದುದ್ದೇಶದ ಶ್ರಮದಾನಗಳು ದುಂಬಿಯ ಮೊಟ್ಟೆಗಳನ್ನು ರಾಶಿ ರಾಶಿಯಾಗಿ ಬೆಂಕಿಗೆ ಹಾಕುತ್ತವೆ.

ನಾಲ್ಕನೆಯ ಹಂತ: ದುಂಬಿ ಹಿಡಿಯುವುದು

ಜೂನ್ ಕೊನೆಯಿಂದ ಆಗಸ್ಟ್ ತನಕ ಸರಿಯಾದ ಕಾಲ. ಆಷಾಢದ ಗಾಳಿ ಜೋರಿರುವ ದಿನ ದುಂಬಿಗಳು ಗಿಡದ ಬುಡಕ್ಕೆ ಇಳಿದಿರುತ್ತವೆ. ಗಾಳಿ ತಗ್ಗಿದ ಮುಂಜಾನೆ ಅವು ತುದಿಯಲ್ಲಿ ಸಿಗುತ್ತವೆ, ಚುರುಕೂ ಕಡಿಮೆ.

ಮೊದಲು ನಿಮ್ಮ ಮೈ ಕಾಪಾಡಿಕೊಳ್ಳಿ. ಪಾರ್ಥೇನಿಯಂನಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಚರ್ಮದ ಅಲರ್ಜಿಗೆ ಕಾರಣ. ಪರಾಗದಿಂದ ಸೀನು, ಉಬ್ಬಸ ಬರುತ್ತವೆ. ಒಮ್ಮೆ ಅಲರ್ಜಿ ಹತ್ತಿದ ಮೈಗೆ ಮುಂದೆ ಗಾಳಿಯಲ್ಲಿ ಹಾರುವ ಗಿಡದ ಧೂಳು ಸೋಕಿದರೂ ಸಾಕು, ಮುಖ ಕುತ್ತಿಗೆಯೆಲ್ಲ ಕೆರಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ, ಮೂಗು ಬಾಯಿ ಮುಚ್ಚುವ ಮಾಸ್ಕ್ ಕಡ್ಡಾಯ. ಉಬ್ಬಸ ಇರುವವರು ಈ ಕೆಲಸಕ್ಕೆ ಬರಲೇಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈಕಾಲು ಮುಖ ತೊಳೆದು, ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳದ ಬದಲು ತೆಳು ಬಟ್ಟೆ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ತಳಕ್ಕೆ ಹಳೆಯ ಪತ್ರಿಕೆಯ ಹಾಳೆ, ಮೇಲೆ ನಾಲ್ಕಾರು ಪಾರ್ಥೇನಿಯಂ ಕುಡಿ. ಎಲೆ ಒದ್ದೆಯಿದ್ದರೆ ಒರೆಸಿ ಹಾಕಿ, ಡಬ್ಬಿಯೊಳಗೆ ಬೆವರು ಕಟ್ಟಿದರೆ ದುಂಬಿಗಳು ಸಾಯುತ್ತವೆ. ಗಿಡದ ಕೆಳಗೆ ಡಬ್ಬಿ ಹಿಡಿದು ಕುಡಿಯನ್ನು ಮೆಲ್ಲಗೆ ತಟ್ಟಿದರೆ ಅವು ಕಾಲು ಮಡಚಿ ತಾವೇ ಉದುರುತ್ತವೆ. ಒಂದು ಲೀಟರಿನ ಡಬ್ಬಿಗೆ ಇನ್ನೂರರ ಮೇಲೆ ತುಂಬಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ, ಬೈಕಿನ ಪೆಟ್ಟಿಗೆಯಲ್ಲಿ ಡಬ್ಬಿ ಇಡಬೇಡಿ. ಅದೇ ಸಂಜೆ, ತಪ್ಪಿದರೆ ಮರುದಿನ, ಬಿಟ್ಟುಬಿಡಿ.

ಒಂದೇ ಜಾಗದ ದುಂಬಿಗಳನ್ನೆಲ್ಲ ಗುಡಿಸಿ ತರುವುದು ತಪ್ಪು. ಅಲ್ಲಿನ ಊರಿಗೂ ಅವು ಬೇಕು. ಹೇರಳವಾಗಿರುವಲ್ಲಿ ಅರ್ಧಕ್ಕಿಂತ ಕಡಿಮೆ ತೆಗೆಯಿರಿ. ಹತ್ತಿರದಲ್ಲಿ ಸಿಗದಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ದೇಶದ ಮಟ್ಟದಲ್ಲಿ ಇಂಥ ಕೀಟಗಳ ವಿಷಯ ನೋಡುವ ಸಂಸ್ಥೆ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೊ, ಬೆಂಗಳೂರಿನ ಹೆಬ್ಬಾಳದಲ್ಲೇ ಇದೆ. ಕಳೆಗಳ ಬಗ್ಗೆ ಕೆಲಸ ಮಾಡುವ ಸಂಶೋಧನಾ ನಿರ್ದೇಶನಾಲಯ ಜಬಲ್ಪುರದಲ್ಲಿದೆ.

ಐದನೆಯ ಹಂತ: ಸಂಖ್ಯೆ ಸಾಲದಿದ್ದರೆ ಸೊಳ್ಳೆಪರದೆಯೊಳಗೆ ಹೆಚ್ಚಿಸಿ

ನೂರು ದುಂಬಿ ಮಾತ್ರ ಸಿಕ್ಕಿದ್ದರೆ ಬಯಲಿಗೆ ಬಿಡಬೇಡಿ. ಅವು ಚದುರಿ ಒಂದಕ್ಕೊಂದು ಸಿಗದೆ ಹೋಗುತ್ತವೆ. ಪಾರ್ಥೇನಿಯಂ ಇರುವ ಜಾಗದಲ್ಲೇ ಮಂಚದ ಅಳತೆಯ ಸೊಳ್ಳೆಪರದೆಯೊಂದನ್ನು ನಾಲ್ಕು ಗೂಟಗಳಿಗೆ ಕಟ್ಟಿ, ಅಂಚನ್ನು ಮಣ್ಣಿನಲ್ಲಿ ಹೂತುಬಿಡಿ. ಔಷಧಿ ಲೇಪಿಸಿದ ಪರದೆ ಆಗಬಾರದು. ಕಟ್ಟುವ ಮೊದಲು ಒಳಗಿನ ಮಣ್ಣನ್ನು ಸಡಿಲ ಮಾಡಿ, ಗೇಣುದ್ದದ ಎಳೆಯ ಗಿಡಗಳು ಒತ್ತಾಗಿರುವಂತೆ ನೋಡಿಕೊಳ್ಳಿ. ಇರುವೆ ಗೂಡು, ಜೇಡಗಳಿದ್ದರೆ ತೆಗೆಯಿರಿ.

ಒಳಗೆ ಬಿಟ್ಟ ದುಂಬಿಗಳನ್ನು ಒಂದು ವಾರ ಮೊಟ್ಟೆ ಇಡಲು ಬಿಟ್ಟು, ಆಮೇಲೆ ಹಿಡಿದು ಇನ್ನೊಂದು ಪರದೆಗೆ ಸಾಗಿಸಬಹುದು. ಮೊದಲ ಪರದೆಯಲ್ಲಿ ಮರಿಗಳು ಬೆಳೆಯುತ್ತಿರುವಾಗ ಎಲೆ ಕಡಿಮೆಯಾದರೆ ಹೊರಗಿನಿಂದ ಕುಡಿ ಮುರಿದು ತಂದು ಹಾಕಿ. ಮರಿಗಳು ಕಾಣೆಯಾದ ದಿನದಿಂದ ಹತ್ತು ಹನ್ನೆರಡು ದಿನ ಮಣ್ಣನ್ನು ಮುಟ್ಟಬೇಡಿ, ಹನಿ ಚಿಮುಕಿಸಿ ತೇವ ಕಾಪಾಡಿ ಅಷ್ಟೆ. ಹೊಸ ದುಂಬಿಗಳು ಪರದೆಯ ಗೋಡೆ ಹತ್ತಿದಾಗ ಕೈಯಿಂದ ಆಯ್ದುಕೊಳ್ಳಬಹುದು. ಒಂದು ಹೆಣ್ಣು ಸಾವಿರದಾಚೆಗೂ ಮೊಟ್ಟೆ ಇಡಬಲ್ಲದು, ಆದ್ದರಿಂದ ಕಡಿಮೆಯಾಗುವುದು ಸಾಮಾನ್ಯವಾಗಿ ಮೊಟ್ಟೆಯಲ್ಲ, ಎಲೆ.

ಆರನೆಯ ಹಂತ: ಬಿಡುಗಡೆ

ಒಂದು ಜಾಗಕ್ಕೆ 500ರಿಂದ 1000 ದುಂಬಿ. ಸಾವಿರವನ್ನು ಹತ್ತು ಕಡೆ ನೂರು ನೂರಾಗಿ ಹಂಚುವ ಆಸೆ ಎಲ್ಲರಿಗೂ ಬರುತ್ತದೆ, ಗ್ರಾಮಸಭೆಯಲ್ಲಿ ಪ್ರತಿ ಬೀದಿಯವರೂ ತಮ್ಮ ಪಾಲು ಕೇಳುತ್ತಾರೆ. ಗಟ್ಟಿಯಾಗಿ ಬೇಡ ಎನ್ನಿ. ಮೊದಲು ಒಂದು ಕಡೆ ನೆಲೆಯಾಗಲಿ, ಮುಂದಿನ ವರ್ಷ ಅಲ್ಲಿಂದಲೇ ಎಲ್ಲ ಬೀದಿಗೂ ಒಯ್ಯಬಹುದು.

ಬಿಸಿಲಿಳಿದ ಮೇಲೆ ಬಿಡಿ. ಜೋರು ಮಳೆ ಬರುವ ಸೂಚನೆಯಿದ್ದರೆ ಮರುದಿನಕ್ಕೆ ಮುಂದೂಡಿ. ಡಬ್ಬಿಯನ್ನು ಗಾಳಿಗೆ ಕೊಡವಬೇಡಿ. ಎಳೆಯ ಗಿಡಗಳ ಬುಡದಲ್ಲಿ ಬಾಯಿ ತೆರೆದಿಟ್ಟು, ಒಳಗಿನ ಕುಡಿಗಳನ್ನು ದುಂಬಿ ಸಹಿತ ಎಲೆಗಳ ಮೇಲಿಡಿ. ಅವು ತಾವೇ ಹತ್ತಿಕೊಳ್ಳುತ್ತವೆ. ಮರಿಹುಳುಗಳನ್ನು ತಂದಿದ್ದರೆ ಅವಿರುವ ರೆಂಬೆಯನ್ನೇ ಹೊಸ ಗಿಡದ ಕವಲಿಗೆ ಸಿಕ್ಕಿಸಿ.

ಏಳನೆಯ ಹಂತ: ನೋಡುವುದು, ಬರೆದಿಡುವುದು

ಬಿಟ್ಟ ವಾರದಲ್ಲಿ ಮೊಟ್ಟೆ, ಎರಡನೆಯ ವಾರದಿಂದ ಮರಿ, ಐದನೆಯ ವಾರದ ಹೊತ್ತಿಗೆ ಹೊಸ ದುಂಬಿ. ಮೊಟ್ಟೆಯೇ ಕಾಣದಿದ್ದರೆ ದುಂಬಿಗಳು ಬೇರೆಡೆಗೆ ಹೋಗಿರಬೇಕು, ಸುತ್ತ ನೂರು ಮೀಟರ್ ಹುಡುಕಿ. ಮೊಟ್ಟೆ ಇದ್ದು ಮರಿ ಇಲ್ಲದಿದ್ದರೆ ಜೇಡ, ಇರುವೆ, ಹೀರುವ ತಿಗಣೆಗಳತ್ತ ಗಮನ ಹರಿಸಿ. ಮರಿಗಳು ಬಲಿತೂ ಹೊಸ ದುಂಬಿ ಬಾರದಿದ್ದರೆ ದೋಷ ಮಣ್ಣಿನದು. ನೀರು ನಿಂತಿರಬೇಕು ಅಥವಾ ಯಾರೋ ಅಗೆದಿರಬೇಕು.

ಗಿಡಕ್ಕೆ ಒಂದು ದುಂಬಿಯಂತೆ ಇದ್ದರೂ ನಾಲ್ಕರಿಂದ ಎಂಟು ವಾರಗಳಲ್ಲಿ ಎಲೆ ಬರಿಯ ನರವಾಗಬಲ್ಲದು ಎಂದು ಬೆಂಗಳೂರಿನಲ್ಲಿ ನಡೆದ ಅಧ್ಯಯನ ತೋರಿಸಿದೆ. ಆದರೆ ಅದು ಗಿಡದ ವಯಸ್ಸಿನ ಮೇಲಿದೆ. ದುಂಬಿ ಬರುವ ಹೊತ್ತಿಗೇ ಗಿಡ ಎದೆಮಟ್ಟ ಬೆಳೆದು ಹೂ ತುಂಬಿದ್ದರೆ ಆ ಹಂಗಾಮು ಕೈತಪ್ಪಿದಂತೆ, ಅದರ ಬೀಜ ಉದುರುತ್ತದೆ. ಮುಂಗಾರು ತಡವಾದ ವರ್ಷಗಳಲ್ಲಿ ಹೀಗಾಗುತ್ತದೆ. ಏಪ್ರಿಲ್ ಮಳೆಗೆ ಗಿಡ ಹುಟ್ಟಿಬಿಡುತ್ತದೆ, ದುಂಬಿ ಇನ್ನೂ ಮಣ್ಣಿನಲ್ಲಿರುತ್ತದೆ. ಅಂಥ ವರ್ಷ ಆ ಮೊದಲ ಪೀಳಿಗೆಯ ಗಿಡಗಳನ್ನು ಮೇ ತಿಂಗಳಲ್ಲೇ, ಹೂವಿಗೆ ಮೊದಲು, ಕೈಯಿಂದ ಕೀಳಿಸುವುದು ಸರಿ. ಹೂವಿಲ್ಲದ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಜೂನ್‌ನಲ್ಲಿ ಹುಟ್ಟುವ ಎರಡನೆಯ ಪೀಳಿಗೆಯನ್ನು ದುಂಬಿಗೆ ಬಿಡಿ.

ನೀರಾವರಿಯ ತೋಟಗಳಲ್ಲಿ ಚಳಿಗಾಲಕ್ಕೂ ಬೇಸಿಗೆಗೂ ಪಾರ್ಥೇನಿಯಂ ಬೆಳೆಯುತ್ತದೆ. ಅಲ್ಲಿ ಈ ದುಂಬಿಯನ್ನು ನೆಚ್ಚಿಕೊಂಡು ಫಲವಿಲ್ಲ, ಕೀಳುವುದು, ಹೊದಿಕೆ ಹಾಕುವುದೇ ದಾರಿ. ದುಂಬಿಯ ರಾಜ್ಯ ಮಳೆಯಾಶ್ರಯದ ಬಯಲು.

ಎಂಟನೆಯ ಹಂತ: ಶ್ರಮದಾನವನ್ನು ದುಂಬಿಗೆ ಹೊಂದಿಸಿ

ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದೆಲ್ಲೆಡೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಶಾಲೆ ಕಾಲೇಜುಗಳು ಗಿಡ ಕೀಳಲು ಹೊರಡುತ್ತವೆ. ಅದು ದುಂಬಿಯ ಎರಡನೆಯ ಅಥವಾ ಮೂರನೆಯ ತಲೆಮಾರು ಗಿಡದ ಮೇಲಿರುವ ಕಾಲವೂ ಹೌದು. ಸಪ್ತಾಹ ನಿಲ್ಲಬೇಕಿಲ್ಲ, ಸ್ವಲ್ಪ ಬದಲಾದರೆ ಸಾಕು.

ಕೀಳುವ ಮೊದಲು ಗಿಡ ನೋಡಿ. ಮರಿಹುಳುಗಳಿದ್ದು ಹೂವಿಲ್ಲದಿದ್ದರೆ ಬಿಟ್ಟುಬಿಡಿ. ಹುಳುವೇ ಇಲ್ಲ, ಮೊಗ್ಗು ಬಂದಿದೆ ಎಂದರೆ ಕೀಳಿ. ಹುಳುವೂ ಇದೆ, ಹೂವೂ ಇದೆ ಎಂದರೆ ಹೂಗೊಂಚಲನ್ನು ಮಾತ್ರ ಕತ್ತರಿಸಿ ಚೀಲಕ್ಕೆ ಹಾಕಿ, ಗಿಡ ಉಳಿಸಿ. ಮನೆ, ಶಾಲೆ, ಆಸ್ಪತ್ರೆಗಳ ಪಕ್ಕದಲ್ಲಿ ಮಾತ್ರ ಈ ವಿವೇಚನೆ ಬೇಡ, ಅಲ್ಲಿ ಜನರ ಉಸಿರು ಮೊದಲು, ಎಲ್ಲವನ್ನೂ ಕೀಳಿ. ಕಿತ್ತ ಹಸಿ ಗಿಡಗಳಲ್ಲಿ ಮೊಟ್ಟೆ ಮರಿಗಳಿದ್ದರೆ ಕಾಯ್ದಿಟ್ಟ ಜಾಗಕ್ಕೆ ಒಯ್ದು ಅಲ್ಲಿನ ಗಿಡಗಳ ನಡುವೆ ಹರಡಿದರೆ, ಎಲೆ ಬಾಡುವ ಹೊತ್ತಿಗೆ ಮರಿಗಳು ಹೊಸ ಗಿಡಕ್ಕೆ ದಾಟುತ್ತವೆ.

ಒಂಬತ್ತನೆಯ ಹಂತ: ಬರಿದಾದ ನೆಲಕ್ಕೆ ಬೇರೆ ಗಿಡ

ದುಂಬಿ ಎಲೆ ತಿಂದು ಗಿಡವನ್ನು ಬಡವಾಗಿಸುತ್ತದೆ, ನೆಲಕ್ಕೆ ಬಿಸಿಲು ಬೀಳುತ್ತದೆ. ಆ ಬಿಸಿಲನ್ನು ಬಳಸಿಕೊಳ್ಳಲು ಬೇರೆ ಗಿಡ ಇಲ್ಲದಿದ್ದರೆ ಪಾರ್ಥೇನಿಯಂ ಬೀಜವೇ ಮತ್ತೆ ಮೊಳೆಯುತ್ತದೆ. ಆದ್ದರಿಂದ ಈ ಹಂತ ಬಿಟ್ಟರೆ ಅರ್ಧ ಕೆಲಸ ಬಿಟ್ಟಂತೆ.

ಗೋಮಾಳ, ರಸ್ತೆಬದಿಗೆ ತಗಚೆ ಒಳ್ಳೆಯದು. ಬೇಸಿಗೆಯ ಮೊದಲು ಒಣಗಿದ ಕಾಯಿಗಳಿಂದ ಬೀಜ ಕೂಡಿಟ್ಟು, ಭರಣಿ ಕೃತ್ತಿಕೆ ಮಳೆಗಳ ಹೊತ್ತಿಗೆ ದಟ್ಟವಾಗಿ ಎರಚಿ. ತಗಚೆ ಗುಂಪಾಗಿ ಎದ್ದು ನೆರಳು ಕಟ್ಟಿದರೆ ಅದರಡಿಯಲ್ಲಿ ಪಾರ್ಥೇನಿಯಂ ಸೊರಗುತ್ತದೆ. ದುಂಬಿ ಮೇಲಿನಿಂದ ಕುಡಿ ತಿನ್ನುತ್ತಿರುವಾಗ ಪಕ್ಕದಿಂದ ತಗಚೆ ಒತ್ತಿದರೆ ಎರಡೂ ಸೇರಿ ಮಾಡುವ ಕೆಲಸ ಬೇರೆಯೇ. ಇದೇ ಜಾತಿಯ ಕಾಸಿಯಾ ಸೆರಿಸಿಯಾ ಎಂಬ ಗಿಡವನ್ನು ಧಾರವಾಡದ ಕೃಷಿ ವಿಜ್ಞಾನಿಗಳು ಪಾರ್ಥೇನಿಯಂ ವಿರುದ್ಧ ಬಳಸಲು ಬಹಳ ಪ್ರಚಾರ ಮಾಡಿದ್ದರು. ಅದು ಕೂಡ ಅಮೆರಿಕದಿಂದ ಬಂದ ಗಿಡವೇ ಆದ್ದರಿಂದ ನನ್ನ ಒಲವು ನಮ್ಮ ತಗಚೆಯ ಕಡೆಗೆ. ಹೊಲದ ಬದುವಿಗೆ ಹುರುಳಿ, ಮನೆಯ ಸುತ್ತ ಚೆಂಡುಹೂ ಹಾಕಬಹುದು.

ಸೂರ್ಯಕಾಂತಿ ಬೆಳೆಯುವವರ ಆತಂಕ

ಈ ದುಂಬಿಯ ಮಾತೆತ್ತಿದರೆ ಹಿರಿಯ ರೈತರು ಕೇಳುವ ಮೊದಲ ಪ್ರಶ್ನೆ ಇದು, ಕೇಳುವುದು ನ್ಯಾಯವೂ ಹೌದು. 1990ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸೂರ್ಯಕಾಂತಿ ಎಲೆಗಳನ್ನು ಈ ದುಂಬಿ ಕಚ್ಚಿದ್ದು ಕಂಡುಬಂತು. ಕೇಂದ್ರ ಸರ್ಕಾರ ಸತ್ಯಶೋಧನಾ ಸಮಿತಿ ನೇಮಿಸಿತು, ದುಂಬಿಯ ಬಿಡುಗಡೆಗೆ ತಡೆ ಬಿತ್ತು. ಪಕ್ಕದ ಪಾರ್ಥೇನಿಯಂನ ಪರಾಗ ಸೂರ್ಯಕಾಂತಿ ಎಲೆಗಳ ಮೇಲೆ ಬಿದ್ದಾಗ ಅದರ ವಾಸನೆಗೆ ದುಂಬಿಗಳು ಎಲೆ ಕಚ್ಚುತ್ತವೆ ಎಂದು ಆಮೇಲಿನ ಅಧ್ಯಯನ ತೋರಿಸಿತು. ಸೂರ್ಯಕಾಂತಿಯನ್ನೇ ನಂಬಿ ದುಂಬಿಯ ಸಂತತಿ ನೆಲೆ ನಿಲ್ಲಲಿಲ್ಲ. 1999ರಲ್ಲಿ ತಡೆ ತೆರವಾಯಿತು.

ಆತಂಕವನ್ನು ತಳ್ಳಿಹಾಕದೆ ನಡೆಯುವ ದಾರಿ ಇದೆ. ಸೂರ್ಯಕಾಂತಿ ಹೊಲದ ಅಂಚಿನಲ್ಲಿ ದುಂಬಿ ಬಿಡಬೇಡಿ. ಆ ಬದುವಿನ ಪಾರ್ಥೇನಿಯಂ ಅನ್ನು ಹೂವಿಗೆ ಮೊದಲೇ ಕೀಳಿಸಿ. ಇದಕ್ಕೆ ದುಂಬಿಗಿಂತ ದೊಡ್ಡ ಕಾರಣವೂ ಇದೆ. 1997ರಲ್ಲಿ ಬಾಗೇಪಲ್ಲಿಯಲ್ಲಿ ಮೊದಲು ಕಾಣಿಸಿಕೊಂಡು ಸೂರ್ಯಕಾಂತಿ ಬೆಳೆಗಾರರನ್ನು ಕಂಗೆಡಿಸಿದ ನಂಜುರೋಗದ ವೈರಸ್, ಪಾರ್ಥೇನಿಯಂ ಗಿಡದಲ್ಲಿ ಲಕ್ಷಣ ತೋರದೆ ಅಡಗಿರುತ್ತದೆ. ಅದರ ಪರಾಗವನ್ನು ಮೈಗೆ ಅಂಟಿಸಿಕೊಂಡ ಥ್ರಿಪ್ಸ್ ನುಸಿಗಳು ರೋಗವನ್ನು ಬೆಳೆಗೆ ದಾಟಿಸುತ್ತವೆ. ಸೂರ್ಯಕಾಂತಿಗೆ ಅಪಾಯ ದುಂಬಿಯಿಂದಲ್ಲ, ಹೂ ಬಿಟ್ಟ ಪಾರ್ಥೇನಿಯಂನಿಂದ.

ಬೇರೆ ಕಳೆಗಳಿಗೂ ಹೀಗೆಯೇ ಹುಳು ತರಬಹುದೇ?

ತರಲಾಗಿದೆ, ಆದರೆ ಆ ಕೆಲಸ ನಮ್ಮ ನಿಮ್ಮದಲ್ಲ. 1983ರಲ್ಲಿ ಬೆಂಗಳೂರಿನ ಕೊಳವೊಂದರಲ್ಲಿ ಸಾಲ್ವೀನಿಯ ಎಂಬ ನೀರಕಳೆಯ ಮೇಲೆ ಒಂದು ಮೂತಿಹುಳುವನ್ನು ಬಿಟ್ಟರು, 11 ತಿಂಗಳಲ್ಲಿ ಕೊಳ ತಿಳಿಯಾಯಿತು. ಅಂತರಗಂಗೆಯಂತೆ ಕೆರೆಗಳನ್ನು ಮುಚ್ಚುವ, ನೀಲಿ ಹೂವಿನ ವಾಟರ್ ಹಯಸಿಂತ್ ಮೇಲೂ ಎರಡು ಬಗೆಯ ಮೂತಿಹುಳುಗಳು ಅದೇ ದಶಕದಲ್ಲಿ ಬಂದವು. ಕೊಳಚೆ ನೀರು ಸೇರುವ ಕೆರೆಗಳಲ್ಲಿ ಗಿಡ ಬೆಳೆಯುವ ವೇಗ ಹುಳು ತಿನ್ನುವ ವೇಗವನ್ನು ಮೀರುವುದರಿಂದ, ಅಲ್ಲಿ ಮೊದಲು ಕೊಳಚೆ ನಿಲ್ಲಬೇಕು. ಪಾಪಾಸುಕಳ್ಳಿಯ ಕತೆ ಇನ್ನೂ ಹಳೆಯದು. 1795ರಲ್ಲಿ ಕೆಂಪು ಬಣ್ಣ ತೆಗೆಯುವ ಹುಳು ಎಂದು ಭಾವಿಸಿ ಬ್ರೆಜಿಲ್‌ನಿಂದ ತಂದದ್ದು ಬೇರೊಂದು ಜಾತಿಯ ಹುಳು. ಅದು ಬಣ್ಣಕ್ಕೆ ಒದಗದೆ ಕಳ್ಳಿಯನ್ನೇ ತಿಂದುಹಾಕಿತು. ಆ ತಪ್ಪು ಗುರುತಿನಿಂದ ನಮಗೆ ಒಳಿತಾಯಿತು. ಪ್ರತಿ ಸಲವೂ ಹಾಗಾಗುವುದಿಲ್ಲ.

ಇಂದು ಹೊರದೇಶದಿಂದ ಜೀವಂತ ಕೀಟ ತರಲು 2003ರ ಸಸ್ಯ ಸಂಪರ್ಕ ನಿಷೇಧ ಆದೇಶದಡಿ ಕೇಂದ್ರದ ಅನುಮತಿ ಬೇಕು, ಮುಚ್ಚಿದ ಪ್ರಯೋಗಾಲಯದಲ್ಲಿ ಆಹಾರ ಪರೀಕ್ಷೆ ಆಗಬೇಕು. ಪರವಾನಗಿಯಿಲ್ಲದೆ ಕೀಟ ತಂದರೆ ಅದು ಅಪರಾಧ. ಲಂಟಾನಕ್ಕೋ ಯುಪಟೋರಿಯಂಗೋ ಹುಳು ಕೊಡುತ್ತೇವೆ ಎಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ, ಕೃಷಿ ಇಲಾಖೆಗೆ ತಿಳಿಸಿ. ಮೆಕ್ಸಿಕನ್ ದುಂಬಿ ಈಗಾಗಲೇ ಇಲ್ಲಿ ನೆಲೆಸಿರುವುದರಿಂದ ಒಂದು ಊರಿನಿಂದ ಪಕ್ಕದ ಊರಿಗೆ ಒಯ್ಯುವುದು ಬೇರೆ ಮಾತು.

ಎರಡನೆಯ ವರ್ಷದಿಂದ ಮುಂದಕ್ಕೆ

ನವೆಂಬರ್ ಬಂದಾಗ ಕಾಯ್ದಿಟ್ಟ ಜಾಗದ ಒಣ ಗಿಡಗಳನ್ನು ಬುಡಕ್ಕೆ ಕತ್ತರಿಸಬಹುದು, ಬೇರು ಸಹಿತ ಕೀಳಬೇಡಿ, ಬೆಂಕಿ ಹಾಕಬೇಡಿ. ಮೇ ಕೊನೆಯವರೆಗೆ ಅಲ್ಲಿ ನೇಗಿಲು, ಟ್ರಾಕ್ಟರ್ ಇಳಿಯಬಾರದು. ಬೇಸಿಗೆಯಲ್ಲಿ ದನ ಕಟ್ಟುವ ಜಾಗವಾಗದಂತೆ ನೋಡಿಕೊಳ್ಳಿ, ತುಳಿತಕ್ಕೆ ನೆಲ ಗಟ್ಟಿಯಾಗುತ್ತದೆ.

ಮೃಗಶಿರ ಮಳೆ ಮಣ್ಣನ್ನು ನೆನೆಸಿದ ಮೇಲೆ ವಾರಕ್ಕೊಮ್ಮೆ ಹೋಗಿ ನೋಡಿ. ಮೊದಲ ದುಂಬಿ ಕಂಡ ದಿನಾಂಕವನ್ನು, ಅಷ್ಟರಲ್ಲಿ ಬಿದ್ದ ಮಳೆಯ ಪ್ರಮಾಣವನ್ನು ಬರೆದಿಡಿ. ಎರಡು ವರ್ಷದ ಈ ಲೆಕ್ಕ ಕೈಯಲ್ಲಿದ್ದರೆ ಮೂರನೆಯ ವರ್ಷ ಯಾವ ವಾರ ಗಿಡ ಕೀಳಬೇಕು, ಯಾವ ವಾರ ಬಿಡಬೇಕು ಎಂಬುದನ್ನು ಯಾರನ್ನೂ ಕೇಳಬೇಕಾಗುವುದಿಲ್ಲ. ಜುಲೈ ನಡುವಿನವರೆಗೂ ಒಂದೂ ಏಳದಿದ್ದರೆ ಹೊಸದಾಗಿ ಐನೂರು ತಂದು ಅದೇ ಜಾಗಕ್ಕೆ ಬಿಡಿ. ಎದ್ದು ಹೆಚ್ಚಿದ್ದರೆ, ಆಗಸ್ಟ್‌ನಲ್ಲಿ ಅಲ್ಲಿಂದಲೇ ಹಿಡಿದು ಹೋದ ವರ್ಷ ಪಾಲು ಕೇಳಿದ್ದ ಬೀದಿಗಳಿಗೆ ಕೊಡಿ, ಪ್ರತಿ ಹೊಸ ಜಾಗಕ್ಕೂ ಮತ್ತೆ ಸುಣ್ಣದ ಕಲ್ಲು, ಫಲಕ, ತಗಚೆ ಬೀಜ.